ಹದಿನಾರಿಂಚಿನ ಗಾಲಿ

ಕೆಲಸ ಬಿಟ್ಟು ಇಲೋಯ್ಲೋಗೆ ಹೊರಟ ಲೋರ್ನಾ
ಮುನ್ನೂರೈವತ್ತು ದಿರ್ಹಮ್ಮಿಗೆ ಕೊಟ್ಟು ಹೋದಳು
ಒಂದು ಮಡಚುವ ಸೈಕಲ್ಲು, ಒಂದು ಗಾಳಿ ಪಂಪು,
ಒಂದು ಎಚ್ಚರಿಕೆ:
ಮೊದಲು ಹಿಡಿಕೆ, ಆಮೇಲೆ ಸೀಟು, ನಡು ಕೊನೆಗೆ.
ಅವಸರ ಮಾಡಿದರೆ ಬೆರಳು ಕಚ್ಚುತ್ತದೆ.

ಕಚ್ಚಿತು. ಎರಡನೇ ದಿನವೇ,
ಕುಸೈಸ್ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ.

ಬೆಟಗೇರಿಯ ಅಂಗಡಿಯಲ್ಲಿ ಆರು ವರ್ಷ
ಗಿರಾಕಿಗಳು ಕೆದರಿ ಎದ್ದುಹೋದ ಸೀರೆಗಳನ್ನು
ಮತ್ತೆ ಮಡಚಿಡುವುದು ನನ್ನ ಕೆಲಸವಾಗಿತ್ತು.
"ಹಳೇ ಮಡಿಕೀ ಮ್ಯಾಲೇ ಮಡಚಬ್ಯಾಡ ಹುಡುಗೀ,
ಜರಿ ಮುರೀತದ" ಅನ್ನುತ್ತಿದ್ದಳು ಶಾವಂತ್ರವ್ವ.
ಇಲ್ಲಿ ಅದೇ ಮಡಿಕೆ, ಅದೇ ಕೀಲು,
ದಿನಕ್ಕೆ ನಾಲ್ಕು ಸಲ.

ಕೋಣೆಯಲ್ಲಿ ಆರು ಜನ. ನನ್ನ ಪಾಲಿಗೆ
ಕೆಳಗಿನ ಮಂಚ, ಅದರಡಿಯ ಮೂವತ್ತೆಂಟು ಸೆಂಟಿಮೀಟರು.
ಅಕ್ಕಿ ಡಬ್ಬ, ಸೂಟ್‌ಕೇಸು ತಲೆಯ ಕಡೆ ಸರಿದು
ಗಾಲಿಗಳಿಗೆ ಜಾಗ ಬಿಟ್ಟವು.
ರಾತ್ರಿ ಮಗ್ಗುಲು ತಿರುಗಿದರೆ ಕೆಳಗೆ ಪೆಡಲು ಟಿಕ್ಕೆನ್ನುತ್ತದೆ,
ಮೇಲೆ ದಿಲ್ರುಕ್ಷಿ ನಿದ್ದೆಯಲ್ಲೇ ಹೂಂಗುಡುತ್ತಾಳೆ.

ಮೊದಲು ಬದಲಾದದ್ದು ಸೀಟು. ಯಾಕೆಂದು ಕೇಳಬೇಡಿ.
ಆಮೇಲೆ ಟೈರು, ಫುಟ್‌ಪಾತಿನ ಮರಳಿಗೆ ಜಾರದಂಥ ದಪ್ಪದ್ದು.
ಬ್ರೇಕಿನ ತಂತಿ. ಮಡಚುವ ಪೆಡಲು.
ಸಂಬಳ ಬಂದ ವಾರ ಒಂದು, ಬರದ ತಿಂಗಳು ಏನೂ ಇಲ್ಲ.
ಕೊಂಡ ಬೆಲೆಯನ್ನು ಖರ್ಚು ಎಂದೋ ದಾಟಿತು;
ಲೆಕ್ಕದ ಚೀಟಿಯನ್ನು ಸುರುಳಿ ಸುತ್ತಿ
ಸೀಟಿನ ಕೊಳವೆಯೊಳಗೆ ತೂರಿಸಿಟ್ಟಿದ್ದೇನೆ.

ಊದ್ ಮೇಥಾದ ಲ್ಯಾಬಿನಲ್ಲಿ ನಾನು ಹಲ್ಲು ಮಾಡುವವಳು.
ಮೇಣದಲ್ಲಿ ತಿದ್ದಿ, ಪಿಂಗಾಣಿಯಲ್ಲಿ ಸುಟ್ಟು,
ಕಾಣದ ಬಾಯಿಗಳಿಗೆ ಕಳಿಸುತ್ತೇನೆ.
ನೈಫಿನ ಓಣಿಯಲ್ಲಿ ಜರ್ವಲಿ ಖಾನ್
ಹಿಂದಿನ ಗಾಲಿ ಎತ್ತಿ ಹಿಡಿದು ಗಂಭೀರವಾಗಿ
"ಹಲ್ಲು ಸವೆದಿದೆ ಬೆಹೆನ್" ಅಂದಾಗ
ನಗು ತಡೆಯಲಾಗಲಿಲ್ಲ. ಪಾಪ, ಅವನಿಗೆ ಅರ್ಥವಾಗಲಿಲ್ಲ.
ಸವೆದ ಹಲ್ಲು ಬಾಯಲ್ಲಿ ಮೊಂಡಾಗುತ್ತದೆ,
ಚಕ್ರದಲ್ಲಿ ಚೂಪಾಗುತ್ತದೆ.
ಇಷ್ಟು ದಿನ ಇದು ನನಗೂ ಗೊತ್ತಿರಲಿಲ್ಲ.

ಧೂಳು ಎದ್ದ ಮರುದಿನ ಸಂಜೆ
ಬಾತ್‌ರೂಮಿನ ಬಾಗಿಲಲ್ಲಿ ಪೇಪರು ಹಾಸಿ ಕೂರುತ್ತೇನೆ.
ಹಲ್ಲುಜ್ಜುವ ಹಳೇ ಬ್ರಶ್ಶು, ಹಲ್ಲುಜ್ಜುವುದಕ್ಕೇ.
ಎಣ್ಣೆ ಕೊಂಡಿಗೊಂದು ಹನಿ, ಆ ಹನಿಯನ್ನೂ ಒರೆಸಬೇಕು;
ಒಗ್ಗರಣೆಗೆ ಸುರಿದ ಹಾಗೆ ಸುರಿದರೆ
ಊರಿನ ಮರಳೆಲ್ಲ ನೆಂಟರ ಹಾಗೆ ಬಂದು ಕೂರುತ್ತದೆ.

ಆಗಸ್ಟಿನಲ್ಲಿ ನಸುಕಿನ ಐದಕ್ಕೇ ಗಾಳಿ ಬೆವರುತ್ತದೆ.
ಕನ್ನಡಕ ಮಂಜು, ಹಿಡಿಕೆ ಅಂಟು,
ಕ್ರೀಕಿನ ಉಪ್ಪು ಬೋಲ್ಟಿನ ತಲೆಯಲ್ಲಿ
ಅರಿಶಿನದಂತೆ ಹತ್ತುತ್ತದೆ.
ಗೇಟಿನ ಕಾವಲುಗಾರ "ಮಡಚಿ, ಮುಚ್ಚಿ" ಅನ್ನುತ್ತಾನೆಂದು
ಹಳೆಯ ಹೊದಿಕೆಯಲ್ಲಿ ಚೀಲ ಹೊಲಿದೆ.
ರೈಲಿನಲ್ಲಿ ಮುದುಕಿಯೊಬ್ಬಳು
ಚೀಲದಿಂದ ಚಾಚಿದ ಬ್ರೇಕಿನ ಹಿಡಿ ಮುಟ್ಟಿ
"ಮೇಕೆಯಾ?" ಅಂತ ಕೊಂಬಿನ ಸನ್ನೆ ಮಾಡಿ ಕೇಳಿದಳು,
ನಾನು ಉತ್ತರಿಸುವ ಮೊದಲು ತಾನೇ ನಕ್ಕಳು.
ಸಲಾಹುದ್ದೀನ್ ಸ್ಟೇಷನ್ನಿನಲ್ಲಿ ಇಳಿಯುವಾಗ
ಅದರ ಬೆನ್ನು ಸವರಿ ಹೋದಳು.

ನಿನ್ನೆ ರಾತ್ರಿ ಲೋರ್ನಾಳ ಫೋನು:
"ನನ್ನ ಸೈಕಲ್ಲು ಹೇಗಿದೆ?"
ಮಂಚದಡಿ ಬಗ್ಗಿ ನೋಡಿದೆ. ಸೀಟು ಅವಳದಲ್ಲ,
ಸರಪಳಿ, ಗಾಲಿ, ಪೆಡಲು ಅವಳವಲ್ಲ.
ಅವಳದು ಉಳಿದದ್ದು ಬರೀ ಅಸ್ಥಿ, ನಡುವಿನ ಕೀಲು,
ಮತ್ತೆ ಗಂಟೆ.
"ಚೆನ್ನಾಗಿದೆ" ಅಂದೆ. ಫೋನು ಹತ್ತಿರ ಹಿಡಿದು
ಗಂಟೆ ಬಾರಿಸಿದೆ.
ದಿಲ್ರುಕ್ಷಿ ಎದ್ದು ಸಿಂಹಳದಲ್ಲಿ ಬೈದಳು.
ಆ ಕಡೆ ಒಂದು ಕ್ಷಣ ಸದ್ದಿಲ್ಲ,
ಆಮೇಲೆ ಎಲ್ಲೋ ಒಂದು ಕೋಳಿ ಕೂಗಿತು.

ಕೀಲಿನಲ್ಲಿ ಕೂದಲೆಳೆಯಷ್ಟು ಅಲುಗಾಟ ಬಂದಿದೆ.
ಅದನ್ನು ಹೇಳಲಿಲ್ಲ.
ನಾಳೆ ಶುಕ್ರವಾರ. ಜರ್ವಲಿ ಅಂಗಡಿ ತೆರೆಯುವುದು
ನಮಾಜು ಮುಗಿದ ಮೇಲೆ.